ಕೊಕ್ಕೆಯ ನಾಡಿನಲ್ಲಿ ಒಂದು ಒರೆ

ಮಲೆನಾಡಿನ ಕೆಲಸದ ಕತ್ತಿಗೆ ಒರೆ ಇರುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಯಾವ ತೋಟಕ್ಕೆ ಬೇಕಾದರೂ ಹೋಗಿ ನೋಡಿ, ಕತ್ತಿ ಇರುವುದು ಸೊಂಟದ ಹಿಂದೆ, ಕೊಕ್ಕೆಯಲ್ಲಿ. ಮರದ್ದೋ ಕಬ್ಬಿಣದ್ದೋ ಒಂದು ಕೊಕ್ಕೆ, ಅದನ್ನು ಬಿಗಿಯಲು ಒಂದು ಹಗ್ಗ, ಅಲ್ಲಿಗೆ ಮುಗಿಯಿತು. ಅಲಗು ಪೂರ್ತಿ ಗಾಳಿಗೆ ಬಿಟ್ಟದ್ದು. ಕಾಲಿಗೆ ತಳೆ ಹಾಕಿಕೊಂಡು ಅಡಿಕೆ ಮರ ಏರುವ ಕೊನೆಗಾರನ ಬೆನ್ನಿಗೂ ಅದೇ ಬೆತ್ತಲೆ ಕತ್ತಿ, ಗದ್ದೆ ಬದು ಸವರಲು ಹೊರಟವನ ಬೆನ್ನಿಗೂ ಅದೇ. ಬೆಂಗಳೂರಿನಿಂದ ಬಂದ ನೆಂಟರು ಇದನ್ನು ನೋಡಿ "ಅಯ್ಯೋ, ಜಾರಿಬಿದ್ದರೆ?" ಎನ್ನುತ್ತಾರೆ. ಜಾರುವುದು ಉಂಟು, ಗಾಯವಾಗುವುದೂ ಉಂಟು. ಆದರೂ ಅದಕ್ಕೆಂದು ಯಾರೂ ಒರೆ ಹೊಲಿಸಿದ್ದನ್ನು ನಾನು ನೋಡಿಲ್ಲ.

ಇದಕ್ಕೆ ಮೊದಲ ಕಾರಣ ಆಕಾರ. ನಮ್ಮ ಕತ್ತಿಗೆ ಮೂತಿ ಬಾಗಿರುತ್ತದೆ. ಕೊಂಬೆಯನ್ನು ಎಳೆದು ಕಡಿಯಬೇಕು, ಹಂಬು ಸವರಬೇಕು, ಮುಳ್ಳಿನ ಪೊದೆಯನ್ನು ಕೈ ತಾಗಿಸದೆ ಈಚೆಗೆ ತರಬೇಕು. ಹಾಗೆ ಬಾಗಿದ್ದು ನೇರವಾದ ಚೀಲದೊಳಗೆ ಇಳಿಯುವುದಿಲ್ಲ. ಇನ್ನೊಂದು ಕಾರಣ ಮಳೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರಿನ ಆಸುಪಾಸು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುತ್ತದೆ. ಆ ತಿಂಗಳುಗಳಲ್ಲಿ ಬೀರುವಿನಲ್ಲಿ ನೇತುಹಾಕಿದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ, ಮದುವೆಗೆಂದು ಕೊಂಡ ಬೂಟು ಹಸಿರಾಗುತ್ತದೆ, ಬೆಂಕಿಪೆಟ್ಟಿಗೆಯನ್ನು ಒಲೆದಂಡೆಯ ಮೇಲಿಟ್ಟರಷ್ಟೇ ಕಡ್ಡಿ ಹೊತ್ತುತ್ತದೆ. ಒದ್ದೆ ಕತ್ತಿಯನ್ನು ಒದ್ದೆ ಚರ್ಮದೊಳಗೆ ತುರುಕಿಟ್ಟರೆ ಏನಾದೀತು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕೊಕ್ಕೆಯಲ್ಲಿರುವ ಕತ್ತಿ ನೆನೆಯುತ್ತದೆ ನಿಜ, ಮಳೆ ಬಿಟ್ಟ ಅರ್ಧ ಗಂಟೆಯಲ್ಲಿ ಒಣಗಿಯೂ ಬಿಡುತ್ತದೆ.

ಘಟ್ಟದ ಸಾಲು ಹಿಡಿದು ತೆಂಕಣಕ್ಕೆ ಹೋದರೆ ಕೊಡಗಿನಲ್ಲೂ ಇದೇ ನ್ಯಾಯ. ಅಗಲ ಬಾಯಿಯ ಒಡಿಕತ್ತಿ ಬೆನ್ನ ಹಿಂದಿನ ತೋಡಂಗವೆಂಬ ಕೊಕ್ಕೆಯಲ್ಲಿ ತೆರೆದೇ ಕೂರುತ್ತದೆ. ಬೆಳ್ಳಿ ಕೆಲಸದ ಒರೆ ಇರುವುದು ಮದುವೆ, ಹಬ್ಬದ ದಿನ ಸೊಂಟಪಟ್ಟಿಗೆ ಸಿಕ್ಕಿಸುವ ಪೀಚೆಕತ್ತಿಗೆ. ದುಡಿಯುವುದಕ್ಕೆ ಕೊಕ್ಕೆ, ಮೆರೆಯುವುದಕ್ಕೆ ಒರೆ. ಒರೆ ಎನ್ನುವುದೇ ಒಣ ಸೀಮೆಯವರ ಯೋಚನೆ, ನಮ್ಮದಲ್ಲ ಎಂಬುದು ನನ್ನ ಅನುಮಾನ.

ಇಷ್ಟು ಗೊತ್ತಿದ್ದೂ ನಾನು ಚರ್ಮ ಹಿಡಿದು ಕೂತದ್ದು ಒಂದು ಸಣ್ಣ ಚೂರಿಯ ದೆಸೆಯಿಂದ. ಐದಿಂಚಿನ ನೇರ ಅಲಗು, ಹುಣಸೆ ಮರದ ಹಿಡಿ. ಮೆಣಸಿನ ಬಳ್ಳಿ ಕಟ್ಟುವ ಹುರಿ ತುಂಡರಿಸಲು, ಬಾಳೆಲೆ ಕುಯ್ಯಲು, ಕಸಿ ಕಡ್ಡಿಯ ಬುಡ ಸವರಲು, ಡ್ರಿಪ್ ಪೈಪು ಕತ್ತರಿಸಲು ದೊಡ್ಡ ಕತ್ತಿ ತೀರಾ ಅತಿಯಾಯಿತು. ಈ ಚೂರಿ ಕೊಕ್ಕೆಯಲ್ಲಿ ನಿಲ್ಲುವುದಿಲ್ಲ. ಕೊಕ್ಕೆ ಹಿಡಿದುಕೊಳ್ಳುವುದು ಅಲಗಿನ ಬಾಗನ್ನು, ನೆಟ್ಟಗಿರುವುದು ಅದರಲ್ಲಿ ಸುಮ್ಮನೆ ತೂರಿಹೋಗುತ್ತದೆ. ಜೇಬಿಗೆ ಹಾಕುವಂತಿಲ್ಲ. ಸ್ಕೂಟರಿನ ಡಿಕ್ಕಿಯಲ್ಲಿ ಬರಿದೇ ಹಾಕಿದರೆ ರೈನ್‌ಕೋಟು ಉಳಿಯುವುದಿಲ್ಲ. ಅಲ್ಲಿಗೆ ಒರೆಯೇ ಗತಿ.

ಚೂರಿ ಮಾಡಿದ್ದು ನಮ್ಮ ಪೇಟೆಯಂಚಿನ ಕುಲುಮೆಯ ಆಚಾರ್ರು. ಗುಜರಿಯಿಂದ ತಂದ ಜೀಪಿನ ಕಮಾನು ಪಟ್ಟಿಯ ಒಂದು ತುಂಡು, ಅದರಲ್ಲಿ ಅರ್ಧ. ಇಂಗಾಲ ಶೇಕಡ 0.5ರಿಂದ 0.6ರಷ್ಟು ಇರುವ ಉಕ್ಕು ಅದು. ಕೇಳಲು ಕಡಿಮೆ ಅನ್ನಿಸುತ್ತದೆ, ಆದರೆ ಹಾಕಿದ ಹದ ನಿಲ್ಲುವುದೇ ಆ ಅರ್ಧ ಪರ್ಸೆಂಟಿನ ಬಲದಿಂದ. ಕಾದ ಉಕ್ಕಿಗೆ ಸುಮಾರು 770 ಡಿಗ್ರಿಯಲ್ಲಿ ಅಯಸ್ಕಾಂತ ಹಿಡಿಯುವುದು ನಿಲ್ಲುತ್ತದೆ, ಅದನ್ನು ಸ್ವಲ್ಪ ದಾಟಿಸಿ ತಟ್ಟನೆ ತಣಿಸಬೇಕು ಎಂದು ನಾನು ಓದಿಕೊಂಡು ಹೋಗಿದ್ದೆ. ಆಚಾರ್ರು ಅಯಸ್ಕಾಂತದ ಸುದ್ದಿಗೇ ಹೋಗಲಿಲ್ಲ. ಕುಲುಮೆಯ ಬಾಗಿಲಿಗೆ ಗೋಣಿ ಇಳಿಬಿಟ್ಟು ಕತ್ತಲು ಮಾಡಿ, ಬಣ್ಣ ನೋಡಿ, ಅಲಗಿನ ಬಾಯನ್ನಷ್ಟೇ ಬಾನಿಯ ನೀರಿಗೆ ತಾಗಿಸಿದರು. "ಬಾಯಿಗಷ್ಟೇ ನೀರು ಮಾರಾಯ್ರೆ. ಬೆನ್ನಿಗೂ ಕುಡಿಸಿದ್ರೆ ಕಲ್ಲಿನ ಮೇಲೆ ಬಿದ್ದ ಕೂಡ್ಲೆ ಎರಡು ತುಂಡು" ಅಂದರು. ಬಾಯಿ ಗಡುಸು, ಬೆನ್ನು ಮೆದು. ತಿದಿ ಒತ್ತುವ ಕಾಲ ಹೋಗಿ ಕರೆಂಟಿನ ಬ್ಲೋವರ್ ಬಂದಿದೆ, ಉಳಿದದ್ದೆಲ್ಲ ಅವರಪ್ಪನ ಕಾಲದಂತೆಯೇ ಇದೆ. ಒಳ್ಳೆಯ ಉಕ್ಕಿಗೆ ಅವರ ಬಾಯಲ್ಲಿ ಇವತ್ತಿಗೂ ಇರುವ ಹೆಸರು 'ಭದ್ರಾವತಿ ಮಾಲು', ಅದು ಎಲ್ಲಿಂದ ಬಂದಿದ್ದರೂ ಸರಿ. ಹಾಗನ್ನುವುದರಲ್ಲಿ ಆಶ್ಚರ್ಯವಿಲ್ಲ. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸತೊಡಗಿದಾಗ ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಸುತ್ತಲ ಕಾಡಿನ ಮರದ್ದು. ಈ ಸೀಮೆಯ ಮರ ಅದೆಷ್ಟು ಕಬ್ಬಿಣವಾಗಿ ಹೊರಗೆ ಹೋಯಿತೋ.

ಇಂಥ ಉಕ್ಕಿಗೆ ಒಂದು ದುರ್ಗುಣ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಆಗಲು ಉಕ್ಕಿನಲ್ಲಿ ಕನಿಷ್ಠ ಶೇಕಡ 10.5ರಷ್ಟು ಕ್ರೋಮಿಯಂ ಬೇಕು. ಕಮಾನು ಪಟ್ಟಿಯಲ್ಲಿ ಇದ್ದರೆ ಒಂದರ ಆಸುಪಾಸು, ಕೆಲವದರಲ್ಲಿ ಅದೂ ಇಲ್ಲ. ಸಾಣೆ ಹಿಡಿದರೆ ಕೂದಲು ಸೀಳುವಷ್ಟು ಹರಿತವಾಗುತ್ತದೆ, ಮಳೆಗಾಲದಲ್ಲಿ ಒಂದು ರಾತ್ರಿ ಮರೆತರೆ ಬೆಳಗ್ಗೆ ಕೆಂಪು ಚುಕ್ಕೆ. ಚರ್ಮದ ಒರೆಯ ಮಾತೆತ್ತಿದ ಕೂಡಲೇ ಆಚಾರ್ರು ಸುತ್ತಿಗೆ ಕೆಳಗಿಟ್ಟರು. "ಎಂತಕ್ಕೆ? ಆಷಾಢದಲ್ಲಿ ಚರ್ಮ ಕತ್ತೀನ ತಿಂದುಹಾಕ್ತದೆ. ಒಂದು ಅಡಿಕೆ ಹಾಳೆ ಸುತ್ತಿ ಇಡಿ ಸಾಕು."

ಅವರ ಮಾತಿನಲ್ಲಿ ಸತ್ಯವಿತ್ತು. ಆದರೆ ಎಲ್ಲ ಚರ್ಮವೂ ಒಂದೇ ಅಲ್ಲ ಎಂಬುದೂ ಅಷ್ಟೇ ಸತ್ಯ. ಅದು ಸರಿಯಾಗಿ ತಿಳಿದದ್ದು ಶಿವಮೊಗ್ಗದಲ್ಲಿ, ಗಾಂಧಿ ಬಜಾರಿನ ಒಂದು ಮಗ್ಗುಲಲ್ಲಿ ಕೊಡೆಯ ಕೆಳಗೆ ಕೂರುವ ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಹತ್ತಿರ. ಬೆಂಗಳೂರಿನಿಂದ ಪಾರ್ಸೆಲ್ ತರಿಸಿದ್ದ ನುಣುಪಾದ ಕಂದು ತುಂಡೊಂದನ್ನು ತೋರಿಸಿದೆ. ಅವರು ಅದನ್ನು ಮಡಿಚಿದರು, ಬಿಟ್ಟರು, ಅದು ಮೊದಲಿನಂತೆಯೇ ಆಯಿತು. ಅಂಚನ್ನು ಕೊಯ್ದು ತೋರಿಸಿದರು, ಒಳಗೆ ತೆಳು ನೀಲಿ ಬೂದಿ ಬಣ್ಣ.

"ಇದು ಬ್ಯಾಗಿನ ಚರ್ಮ ಸಾರ್. ನೀರಲ್ಲಿ ಹಾಕಿದ್ರೂ ಹಿಂಗೇ, ಒಣಗಿದ್ರೂ ಹಿಂಗೇ. ನೀವು ಹೇಳೋ ಕೆಲ್ಸಕ್ಕೆ ಅಟ್ಟೆ ಚರ್ಮ ಬೇಕು."

"ಎರಡಕ್ಕೂ ಏನು ಫರಕು ಯಜಮಾನ್ರೆ?"

"ಇದು ಔಷ್ದಿದು. ಅದು ಮರದ್ದು."

ಪುಸ್ತಕಗಳು ಪುಟಗಟ್ಟಲೆ ಹೇಳುವುದನ್ನು ಅವರು ಅಷ್ಟರಲ್ಲೇ ಮುಗಿಸಿದರು. ಹಸಿ ತೊಗಲು ಕೊಳೆಯುವಂಥದ್ದು. ಅದರ ನಾರುಗಳನ್ನು ಏನಾದರೂ ಕಟ್ಟಿಹಾಕಿದರೆ ಮಾತ್ರ ಅದು ಬಾಳುವ ಚರ್ಮವಾಗುತ್ತದೆ. ಇವತ್ತು ಲೋಕದ ಬಹುಪಾಲು ಚರ್ಮವನ್ನು ಕಟ್ಟಿಹಾಕುವುದು ಕ್ರೋಮಿಯಂ ಲವಣ. ಒಂದೆರಡು ದಿನದಲ್ಲಿ ಕೆಲಸ ಮುಗಿದು ನೀಲಿ ಬಣ್ಣದ ಮೆತ್ತನೆಯ ಚರ್ಮ ಬರುತ್ತದೆ, ಅದಕ್ಕೆ ಮೇಲಿನಿಂದ ಬೇಕಾದ ಬಣ್ಣ. ಹಳೆಯ ದಾರಿ ತೊಗಟೆ, ಕಾಯಿಗಳದ್ದು. ಜಾಲಿ ತೊಗಟೆ, ತಂಗಡಿ ತೊಗಟೆ, ಅಳಲೆಕಾಯಿ. ಇವುಗಳ ರಸದಲ್ಲಿ ವಾರಗಟ್ಟಲೆ ನೆನೆದು ಒಳಗೆಲ್ಲ ಟ್ಯಾನಿನ್ ಹೊಕ್ಕ ಚರ್ಮ ಗಟ್ಟಿ, ದಪ್ಪ, ನೀರು ಕುಡಿದರೆ ಹೇಳಿದಂತೆ ಬಾಗುತ್ತದೆ, ಒಣಗಿದರೆ ಬಾಗಿದಲ್ಲೇ ನಿಲ್ಲುತ್ತದೆ. ಒರೆಗೆ ಬೇಕಾದದ್ದು ಈ ಗುಣವೇ.

ಟ್ಯಾನಿನ್ ಎಂದು ದೊಡ್ಡ ಹೆಸರು ಕೊಟ್ಟಿದ್ದೇವೆ, ಅಷ್ಟೇ. ಅಡಿಕೆ ನಾಡಿನವರಿಗೆ ಅದು ಹುಟ್ಟಿದಾಗಿನಿಂದ ಗೊತ್ತಿರುವ ಒಗರು. ಹಸಿ ಅಡಿಕೆ ಕಚ್ಚಿದಾಗ ನಾಲಿಗೆ ದಪ್ಪವಾಗಿ ಮಾತು ತೊದಲಿಸುತ್ತದಲ್ಲ, ಅಲ್ಲಿ ಆಗುವುದೂ ಅದೇ. ಬಾಯಿಯ ಪ್ರೋಟೀನನ್ನು ಹಿಡಿದು ಕಟ್ಟುವ ವಸ್ತು ಕೋಣದ ತೊಗಲಿನ ಪ್ರೋಟೀನನ್ನೂ ಕಟ್ಟುತ್ತದೆ. ಅಳಲೆಕಾಯಿಯಲ್ಲಿ ಈ ಒಗರು ಶೇಕಡ 30ಕ್ಕೂ ಮೇಲಿರುತ್ತದೆ. ನಮ್ಮ ಕಾಡುಗಳಿಂದ ಅಳಲೆಕಾಯಿ ಚೀಲಗಟ್ಟಲೆ ಕೆಳಗಿಳಿದದ್ದು ಬರೀ ತ್ರಿಫಲಾ ಚೂರ್ಣಕ್ಕಲ್ಲ, ಹದಗಾರರ ತೊಟ್ಟಿಗಳಿಗೂ.

ಹಿರಿಯರು ಕೊಟ್ಟ ಚರ್ಮ ಅಥಣಿ ಕಡೆಯಿಂದ ಬಂದ ಎಮ್ಮೆಯದ್ದು. ಕೊಲ್ಲಾಪುರಿ ಚಪ್ಪಲಿಗೆ ಬಳಸುವ ಬಗೆ. ಆ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ಜತೆ ಕರ್ನಾಟಕದ ಜಿಲ್ಲೆಗಳೂ ಅದರಲ್ಲಿದ್ದವು ಎಂಬುದು ನಮ್ಮಲ್ಲೇ ಅನೇಕರಿಗೆ ತಿಳಿಯದು. ಅಟ್ಟೆಯ ದಪ್ಪದ್ದನ್ನು ಬದಿಗಿಟ್ಟು, ಮೂರು ಮಿಲಿಮೀಟರಿನ ತೆಳು ಭಾಗವನ್ನು ಹುಡುಕಿ ರಂಪಿಗೆಯಿಂದ ಕೊಯ್ದುಕೊಟ್ಟರು. ರಂಪಿಗೆ ಅವರೇ ಗರಗಸದ ಅಲಗಿನಿಂದ ಮಾಡಿಕೊಂಡದ್ದು. ದರ ಹೇಳಿದರು, ನಾನು ಕೊಟ್ಟೆ. ನನ್ನ ಪಕ್ಕದಲ್ಲೇ ನಿಂತಿದ್ದವರೊಬ್ಬರು ಕಿತ್ತ ಚಪ್ಪಲಿಯ ಉಂಗುಷ್ಠ ಹಾಕಿಸಿಕೊಂಡು ಹತ್ತು ರೂಪಾಯಿಗೆ ಚೌಕಾಸಿ ನಡೆಸಿದ್ದರು. ಇದೇ ಕೆಲಸವನ್ನು 'ಲೆದರ್ ಕ್ರಾಫ್ಟ್' ಎಂದು ಕರೆದು, ಎಸಿ ಹಾಲಿನಲ್ಲಿ ಕಲಿಸಿದರೆ ಸಾವಿರಗಟ್ಟಲೆ ಶುಲ್ಕ ಕಟ್ಟಲು ಜನ ಸಾಲು ನಿಲ್ಲುತ್ತಾರೆ. ನಾನೂ ಆ ಸಾಲಿನವನೇ ಇರಬಹುದು. ಹಾಗಾಗಿ ಇದನ್ನು ಹೆಚ್ಚು ಎಳೆಯುವುದಿಲ್ಲ.

ಆದರೆ ಮನೆಯ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಚರ್ಮದ ಸುರುಳಿ ನೋಡಿದ ಕೂಡಲೇ ಅಮ್ಮ, "ಅದನ್ನ ಒಳಗೆ ತರ್ಬೇಡ, ಕೊಟ್ಟಿಗೆ ಜಗಲೀಲಿ ಇಟ್ಕೋ" ಅಂದರು. ಕಾಲಿನ ಚಪ್ಪಲಿ, ಸೊಂಟದ ಬೆಲ್ಟು, ಜೇಬಿನ ಪರ್ಸು ಎಲ್ಲ ಅದೇ ಅಲ್ಲವಾ ಅಂದೆ. "ಅದು ಬೇರೆ." ದೇವಸ್ಥಾನದಲ್ಲಿ ಬಾರಿಸುವ ನಗಾರಿ? ಮೇಳದ ಮದ್ದಳೆ, ಚಂಡೆ? ನಮ್ಮ ಸಾಗರ ಸೀಮೆಯ ಡೊಳ್ಳು? "ಅದೂ ಬೇರೆ." ಅಮ್ಮನ ಹತ್ತಿರ ವಾದ ಮಾಡಿ ಗೆಲ್ಲುವುದು ನನ್ನ ಉದ್ದೇಶವಾಗಿರಲಿಲ್ಲ. ಅಮ್ಮನ ಮಾತಿನ ಹಿಂದಿರುವುದು ಅಮ್ಮನೊಬ್ಬರ ಮನಸ್ಸೂ ಅಲ್ಲ. ಬೇರೆಯವರು ಹದ ಮಾಡಿ ಹೊಲಿದುಕೊಟ್ಟರೆ ಅದು ಸಾಮಾನು, ಮನೆಯ ಮಗ ಮುಟ್ಟಿ ಹೊಲಿದರೆ ಅದು ಚರ್ಮ. ವಚನಕಾರ ಮಾದಾರ ಚೆನ್ನಯ್ಯ ತನ್ನ ವಚನಗಳ ಅಂಕಿತದೊಳಗೇ ಉಳಿ, ಕತ್ತಿ, ಅಡಿಗೂಂಟಗಳನ್ನು ಇಟ್ಟುಕೊಂಡವನು. ಎಂಟು ನೂರಕ್ಕೂ ಹೆಚ್ಚು ವರ್ಷ ಕಳೆದರೂ ಆ ಉಳಿಗೆ ನಮ್ಮ ಮನೆಯಲ್ಲಿ ಜಾಗ ಜಗಲಿಯ ತನಕ ಮಾತ್ರ. ಜಗಲಿಯಲ್ಲೇ ಕೂತೆ. ಬೆಳಕು ಅಲ್ಲೇ ಚೆನ್ನಾಗಿತ್ತು ಎಂಬುದು ಬೇರೆ ವಿಷಯ.

ಒರೆಯ ಅಳತೆಗೆ ರಟ್ಟು ಬಳಸುತ್ತಾರೆ. ನಾನು ಬಳಸಿದ್ದು ಅಡಿಕೆ ಹಾಳೆ. ಆಚಾರ್ರು ಸುಮ್ಮನೆ ಅಂದದ್ದೇ ಕೆಲಸಕ್ಕೆ ಬಂತು. ನೆನೆಸಿದ ಹಾಳೆ ಕೈಗೆ ಬಗ್ಗುತ್ತದೆ, ಮಡಿಚಿದಂತೆ ಕೇಳುತ್ತದೆ, ಒಣಗಿದ ಮೇಲೆ ಕೊಟ್ಟ ಆಕಾರವನ್ನು ಬಿಡುವುದಿಲ್ಲ. ಊಟದ ತಟ್ಟೆ, ತಲೆಗೆ ಹಾಕುವ ಟೊಪ್ಪಿ ಎಲ್ಲ ಆಗುವುದು ಆ ಗುಣದಿಂದ. ಮರದ ಒಗರು ಕುಡಿದ ಚರ್ಮ ನಡೆದುಕೊಳ್ಳುವುದೂ ಥೇಟ್ ಹಾಳೆಯ ಹಾಗೆ. ಹಾಳೆಯಲ್ಲಿ ಒಮ್ಮೆ ಪೂರ್ತಿ ಒರೆ ಮಾಡಿ, ಚೂರಿ ಹಾಕಿ ತೆಗೆದು, ಎಲ್ಲಿ ಬಿಗಿ ಎಲ್ಲಿ ಸಡಿಲ ಎಂದು ನೋಡಿಕೊಂಡ ಮೇಲೆ ಚರ್ಮಕ್ಕೆ ಕೈ ಹಾಕಿದರೆ ದುಬಾರಿ ತುಂಡು ಹಾಳಾಗುವುದಿಲ್ಲ.

ಒಂದೇ ತುಂಡನ್ನು ಚೂರಿಯ ಬೆನ್ನಿನ ಮೇಲೆ ಮಡಿಚಿ, ಬಾಯಿಯ ಕಡೆ ಹೊಲಿಯುವುದು ಸರಳ ಬಗೆ. ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹೊರಗೆ ಕಾಣುವುದೇ ಇಲ್ಲ. ಎರಡು ಮಗ್ಗುಲುಗಳ ನಡುವೆ, ಹೊಲಿಗೆ ಬೀಳುವ ಅಂಚಿನುದ್ದಕ್ಕೆ, ಇನ್ನೊಂದು ಚರ್ಮದ ಪಟ್ಟಿ ಕೂರಿಸಬೇಕು. ಅಗಲ ಒಂದು ಸೆಂಟಿಮೀಟರ್ ಸಾಕು, ದಪ್ಪ ಚೂರಿಯ ಬೆನ್ನಿನ ದಪ್ಪಕ್ಕೆ ಹತ್ತಿರವಿರಬೇಕು. ಆ ಪಟ್ಟಿ ಇಲ್ಲದಿದ್ದರೆ ಚೂರಿಯ ಬಾಯಿ ನೇರ ದಾರಕ್ಕೇ ತಾಗುತ್ತದೆ. ಹಾಕಿ ತೆಗೆಯುತ್ತಾ ಒಂದೊಂದೇ ಹೊಲಿಗೆ ಹರಿದು, ಒಂದು ದಿನ ಚೂರಿ ಒರೆಯ ಬದಿಯಿಂದ ಹೊರಬಂದು ತೊಡೆಗೆ ಸೇರುತ್ತದೆ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಒರೆಗಳನ್ನು ಒಮ್ಮೆ ಬಾಯಿ ತೆರೆದು ಇಣುಕಿ ನೋಡಿ. ಮೇಲೆ ಹುಲಿ, ಸಿಂಹದ ಅಚ್ಚು ಇರುತ್ತದೆ, ಒಳಗೆ ಈ ಪಟ್ಟಿ ಇರುವುದಿಲ್ಲ. ಅದು ಒರೆಯೇ ಅಲ್ಲ ಎಂಬುದು ನನ್ನ ತೀರ್ಪು.

ಅಂಟು, ಮಾಮೂಲಿ ಚಪ್ಪಲಿ ಅಂಟು. ಎರಡೂ ಬದಿಗೆ ಸವರಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಅಂಚಿನಿಂದ ನಾಲ್ಕು ಮಿಲಿಮೀಟರ್ ಒಳಗೆ ಗೆರೆ ಎಳೆದು, ಸಮ ದೂರಕ್ಕೆ ಚುಕ್ಕೆ ಇಟ್ಟು, ಆರಿಯಿಂದ ತೂತು. ಮೂರು ಪದರ ಸೇರಿ ಹತ್ತು ಮಿಲಿಮೀಟರ್ ಹತ್ತಿರ ಆಗಿರುತ್ತದೆ, ಆರಿ ಓರೆಯಾದರೆ ಹಿಂದಿನ ಸಾಲು ಸೊಟ್ಟ. ಹಾಗೆಂದು ಡ್ರಿಲ್ ಹಾಕುವವರಿದ್ದಾರೆ. ಡ್ರಿಲ್ ಚರ್ಮವನ್ನು ಕಿತ್ತು ಹೊರಗೆ ಹಾಕುತ್ತದೆ, ಆರಿ ಸರಿಸ್ತದೆ ಅಷ್ಟೆ, ದಾರ ಬಿಗಿದ ಮೇಲೆ ಚರ್ಮ ತಾನಾಗಿ ಮುಚ್ಕೊಳ್ತದೆ ಅಂತ ಗಾಂಧಿ ಬಜಾರಿನ ಹಿರಿಯರು ಹೇಳಿದ್ದು ನನಗೆ ಒಪ್ಪಿಗೆಯಾಯಿತು.

ಹೊಲಿಗೆಗೆ ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಪ್ರತಿ ತೂತಿನಲ್ಲೂ ಎರಡು ಕಡೆಯಿಂದ ಸೂಜಿ ದಾಟಬೇಕು. ಮಿಷನ್ನಿನ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ನಡುವೆ ಕೊಂಡಿ ಹಾಕಿಕೊಂಡಿರುತ್ತವೆ, ಒಂದು ಕಡೆ ಹರಿದರೆ ಸಾಲು ಸಾಲೇ ಬಿಚ್ಚಿಕೊಂಡು ಬರುತ್ತದೆ. ಎರಡು ಸೂಜಿಯ ಹೊಲಿಗೆಯಲ್ಲಿ ಒಂದೆಳೆ ಹರಿದರೆ ಇನ್ನೊಂದೆಳೆ ಹಿಡಿದುಕೊಂಡಿರುತ್ತದೆ. ಕುದುರೆ ಜೀನು ಹೊಲಿಯುವವರ ಹೊಲಿಗೆ ಇದು. ದಾರಕ್ಕೆ ಜೇನುಮೇಣ ತಿಕ್ಕಬೇಕು. ನಮ್ಮ ಮನೆಯಲ್ಲಿ ತುಡುವೆ ಪೆಟ್ಟಿಗೆಯ ಮೇಣ ಇತ್ತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣದ ತುಡುವೆ ಕುಟುಂಬಗಳೆಲ್ಲ ನೆಲಕಚ್ಚಿದ ಮೇಲೆ ಅಪ್ಪಯ್ಯ ಪೆಟ್ಟಿಗೆ ಇಡುವುದನ್ನೇ ಬಿಟ್ಟಿದ್ದರು, ಎಷ್ಟೋ ವರ್ಷದ ಮೇಲೆ ಮತ್ತೆ ಶುರುವಾಗಿದೆ. ಮೇಣ ತಿಕ್ಕಿದ ದಾರಕ್ಕೆ ನೀರು ಬೇಗ ಇಳಿಯುವುದಿಲ್ಲ, ತೂತಿನಲ್ಲಿ ಜಾರದೆ ಕಚ್ಚಿಕೊಳ್ಳುತ್ತದೆ. ಹೊಲಿಯುವ ಹೊತ್ತು ತೀರಾ ಸುಖದ್ದು. ಕೈ ಕೆಲಸ ಮಾಡುತ್ತಿರುತ್ತದೆ, ತಲೆಗೆ ರಜೆ. ಎಡದ ಸೂಜಿ ಮೊದಲು, ಬಲದ್ದು ಅದರ ಹಿಂದೆ, ಎರಡೂ ತುದಿ ಹಿಡಿದು ಒಂದೇ ಬಿಗಿ. ಈ ಕ್ರಮ ತಪ್ಪದಿದ್ದರೆ ಸಾಲು ತಾನೇ ಓರಣವಾಗುತ್ತದೆ.

ಆಮೇಲೆ ನೀರು. ಉಗುರುಬೆಚ್ಚಗಿನ ನೀರಿನಲ್ಲಿ ಗುಳ್ಳೆ ಬರುವುದು ನಿಲ್ಲುವ ತನಕ ಒರೆಯನ್ನು ಮುಳುಗಿಸಿ, ಚೂರಿಗೆ ಎಣ್ಣೆ ಸವರಿ, ಪ್ಲಾಸ್ಟಿಕ್ ಸುತ್ತಿ ಒಳಗೆ ತಳ್ಳಿ, ಬೆರಳಿನಿಂದ ಒತ್ತುತ್ತಾ ಹೋಗುವುದು. ಹಿಡಿ ಮುಗಿದು ಅಲಗು ಶುರುವಾಗುವ ಕಡೆ ಹೆಚ್ಚು ಒತ್ತಬೇಕು, ಚೂರಿಯನ್ನು ಮುಂದೆ ಹಿಡಿದುಕೊಳ್ಳುವುದು ಆ ತಗ್ಗೇ. ಒಣಗಿಸಲು ಅವಸರ ಕೂಡದು. ಒದ್ದೆ ಚರ್ಮಕ್ಕೆ 70ರಿಂದ 80 ಡಿಗ್ರಿಯ ಬಿಸಿ ತಾಗಿದರೆ ನಾರು ಮುದುಡಿ ಇಡೀ ಒರೆ ಕುಗ್ಗಿ ಕೊರಡಾಗುತ್ತದೆ. ಬಚ್ಚಲೊಲೆಯ ಪಕ್ಕಕ್ಕೆ ಇಡಬೇಕೆಂದು ಎಲ್ಲರಿಗೂ ಆಸೆಯಾಗುತ್ತದೆ, ಇಡಬಾರದು. ನೆರಳು, ಗಾಳಿ, ಬೇಸಿಗೆಯ ಕೊನೆ. ಮಲೆನಾಡಿನಲ್ಲಿ ಒರೆ ಮಾಡುವ ಕಾಲವೆಂದರೆ ಮಾರ್ಚಿಯಿಂದ ಮೇ ತನಕ ಅಷ್ಟೇ.

ಬಣ್ಣದ ಕೆಲಸಕ್ಕೆ ಬಂದಾಗ ನನಗೆ ಇಷ್ಟವಾದ ಭಾಗ ಬಂತು. ಸುಲಿದ ಅಡಿಕೆ ಬೇಯಿಸಿದ ನೀರಿನಿಂದ ಬರುವ ಚೊಗರು ನಮ್ಮ ಕಡೆ ಎಲ್ಲ ಮನೆಯಲ್ಲೂ ಇರುತ್ತದೆ. ಅಡಿಕೆಗೆ ಕೆಂಪು, ಹೊಳಪು ಬರಿಸುವುದು ಅದೇ. ಚೊಗರೆಂದರೆ ಒಗರಿನ ಗಟ್ಟಿ ಪಾಕ. ಅದನ್ನು ತೆಳ್ಳಗೆ ಮಾಡಿ ಒರೆಯ ಮೇಲೆ ಸವರಿದರೆ ಚರ್ಮ ಕೆಂಗಂದಾಗುತ್ತದೆ, ಒಳಗೆ ಇನ್ನಷ್ಟು ಒಗರು ಸೇರಿಕೊಳ್ಳುತ್ತದೆ. ಅಂಚಿಗೆ ಮಾತ್ರ ಕಪ್ಪು ಬೇಕಿತ್ತು. ತುಕ್ಕು ಮೊಳೆಗಳನ್ನು ಬೆಲ್ಲದ ನೀರಿಗೆ ಹಾಕಿ ಹುಳಿ ಬರಿಸಿದರೆ ಸಿಗುವ ನೀರು ನೋಡಲು ಕೊಳಕು, ವಾಸನೆ ಅದಕ್ಕಿಂತ ಕೊಳಕು. ಕಲಂಕಾರಿಯವರು ಬಟ್ಟೆಯ ಮೇಲೆ ಕಪ್ಪು ಗೆರೆ ಎಳೆಯುವುದು ಇಂಥದರಿಂದಲೇ. ಕುಂಚದಲ್ಲಿ ಅದನ್ನು ಅಂಚಿಗೆ ಎಳೆದ ಕೂಡಲೇ, ಕಣ್ಣೆದುರಿಗೇ, ಕೆಂಪು ಚರ್ಮ ಕಪ್ಪಾಗುತ್ತದೆ. ಕಬ್ಬಿಣವೂ ಒಗರೂ ಸೇರಿದ ಕಪ್ಪು ಅದು. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿದರೆ ನೀಲಿ ಛಾಯೆಯ ಕಪ್ಪು, ಅಡಿಕೆಯ ಒಗರಿಗೆ ಸೇರಿದರೆ ಹಸಿರು ಛಾಯೆಯ ಕಪ್ಪು. ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಹಿಂದೆ ಶಾಯಿ ಮಾಡುತ್ತಿದ್ದದ್ದೂ ಈ ಲೆಕ್ಕದಲ್ಲೇ. ಬಣ್ಣ ಕೂತ ಮೇಲೆ ಅಡುಗೆ ಸೋಡಾದ ನೀರಿನಲ್ಲಿ ಒರೆಸಿ ಹುಳಿ ತೆಗೆಯಬೇಕು. ಒರೆಯ ಒಳಭಾಗಕ್ಕೆ ಆ ನೀರು ಒಂದು ಹನಿಯೂ ಹೋಗಬಾರದು.

ಇಲ್ಲಿಗೆ ಆಚಾರ್ರ ಮಾತು ತಿರುಗಿ ಎದುರಾಗುತ್ತದೆ. ಒರೆಯ ಅಂಚನ್ನು ಕಪ್ಪಾಗಿಸಿದ ಕಬ್ಬಿಣ, ಒಗರಿನ ಆಟವೇ ಒರೆಯೊಳಗೆ ಚೂರಿಯ ಮೇಲೂ ನಡೆಯುತ್ತದೆ. ತೊಗಲನ್ನು ಕೊಳೆಯದಂತೆ ಕಾದ ಒಗರಿಗೆ ಉಕ್ಕು ಅಂದರೆ ಆಗದು. ಒಣ ಹವೆಯಲ್ಲಿ ಇದು ಕಾಣುವುದಿಲ್ಲ. ಗಾಳಿಯಲ್ಲೇ ನೀರು ತೂಗುವ ಜುಲೈನಲ್ಲಿ ಚರ್ಮ ಆ ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ, ಅದರ ಹುಳಿ ಎದ್ದು ಉಕ್ಕಿಗೆ ಬಾಯಿ ಹಾಕುತ್ತದೆ. ಕ್ರೋಮಿಯಂ ಚರ್ಮವಾದರೂ ಅಷ್ಟೇ, ಅದರಲ್ಲಿ ಉಳಿದ ಲವಣಗಳು ಇನ್ನೊಂದು ಬಗೆಯಲ್ಲಿ ತಿನ್ನುತ್ತವೆ. ಹಿತ್ತಾಳೆ ರಿವಿಟ್ ಹಾಕಿದರೆ ಚರ್ಮದ ಎಣ್ಣೆಯ ಜತೆ ಸೇರಿ ಹಸಿರು ಕಿಲುಬು. ನಾನು ರಿವಿಟ್ ಹಾಕಲೇ ಇಲ್ಲ.

ಇದಕ್ಕೆ ಒಂದು ಉಪಾಯ ನಮ್ಮ ಮೆಟ್ಟುಗತ್ತಿಯಲ್ಲಿ ಇತ್ತು. ಸುಗ್ಗಿಯಲ್ಲಿ ಅಡಿಕೆ ಸುಲಿದೂ ಸುಲಿದೂ ಅದರ ಅಲಗು ಕಪ್ಪಗಾಗುತ್ತದೆ, ಸುಲಿಯುವವರ ಬೆರಳುಗಳಂತೆಯೇ. ಆ ಕಪ್ಪನ್ನು ಯಾರೂ ಉಜ್ಜಿ ತೆಗೆಯುವುದಿಲ್ಲ, ಬಾಯಿಯನ್ನಷ್ಟೇ ಮಸೆಯುತ್ತಾರೆ. ಕಬ್ಬಿಣ, ಒಗರು ಸೇರಿ ಕೂತ ಆ ಪದರ ಕೆಂಪು ತುಕ್ಕಿಗಿಂತ ಎಷ್ಟೋ ಗಟ್ಟಿ. ಪೇಟೆಯಲ್ಲಿ ಮಾರುವ ಕೆಲವು ತುಕ್ಕುನಿರೋಧಕ ದ್ರಾವಣಗಳಲ್ಲೂ ಇರುವುದು ಟ್ಯಾನಿಕ್ ಆಮ್ಲವೇ. ಹಾಗಾಗಿ ಚೂರಿಯನ್ನು ಒರೆಗೆ ಹಾಕುವ ಮೊದಲೇ ಚೊಗರಿನಲ್ಲಿ ಅದ್ದಿಟ್ಟೆ. ಹೊಳೆಯುವ ಅಲಗು ಹೋಗಿ ಮೋಡದ ಬಣ್ಣ ಬಂತು. ಫೋಟೋಗೆ ಚೆನ್ನಾಗಿಲ್ಲ ಎಂದು ಮಗಳು ಹೇಳಿದಳು, ಇರಲಿ. ಹೇಗೂ ಆಗುವುದನ್ನು ನಮಗೆ ಬೇಕಾದ ಹಾಗೆ ಮೊದಲೇ ಆಗಿಸಿಕೊಂಡರೆ ಚರ್ಮಕ್ಕೆ ತಿನ್ನಲು ಉಳಿಯುವುದು ಕಡಿಮೆ.

ಇನ್ನೊಂದು, ತುದಿಯ ತೂತು. ಒರೆಯ ಕೆಳತುದಿಯಲ್ಲಿ, ಹೊಲಿಗೆ ಮುಗಿಯುವಲ್ಲಿ, ಒಂದು ಸಣ್ಣ ಕಿಂಡಿ ಬಿಡಬೇಕು. ಒಳಗೆ ಹೊಕ್ಕ ನೀರು ಇಳಿದುಹೋಗಲು, ಕೆಳಗಿಂದ ಗಾಳಿ ಬರಲು. ಒಣ ಊರಿನವರು ಇದನ್ನು ಬೇಕಾದರೆ ಮಾಡುತ್ತಾರೆ, ಇಲ್ಲಿ ಇದಿಲ್ಲದೆ ಆಗದು. ಹೊರಗೆ ಮೇಣ, ಕೊಬ್ಬರಿ ಎಣ್ಣೆ ಕಾಸಿ ತೆಳ್ಳಗೆ ಸವರಿದೆ. ಎಣ್ಣೆ ಹೆಚ್ಚಾದರೆ ಚರ್ಮ ಮೆತ್ತಗಾಗಿ ಚೂರಿ ಹಿಡಿಯುವ ಬಿಗಿ ಹೋಗುತ್ತದೆ, ಮೇಣ ಹೆಚ್ಚಿದ್ದರೆ ಒಳ್ಳೆಯದು. ಒಳಗೆ ಏನೂ ಇಲ್ಲ, ಬರೀ ಚರ್ಮ.

ಆದರೂ ಜೂನ್ ಬಂದರೆ ಚೂರಿ ಒರೆಯಿಂದ ಹೊರಗೆ ಬರುತ್ತದೆ. ಅದನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಅಡುಗೆಮನೆಯ ಗೋಡೆಯ ಮೊಳೆಗೆ ಸಿಕ್ಕಿಸುತ್ತೇನೆ. ಒರೆ, ಅಡಿಕೆ ಒಣಗಿಸುವ ಅಟ್ಟದ ಹೊಗೆಯಲ್ಲಿ, ಬೂಷ್ಟು ಬಾರದ ಜಾಗದಲ್ಲಿ. ತೋಟಕ್ಕೆ ಹೋಗುವಾಗ ಎರಡೂ ಕೂಡುತ್ತವೆ, ಮನೆಗೆ ಬಂದ ಕೂಡಲೇ ಬೇರೆ. ಚೂರಿಯನ್ನು ಒರೆಯಲ್ಲಿ ಸಾಗಿಸಬಹುದು, ಒರೆಯಲ್ಲಿ ಇಟ್ಟು ಮರೆಯುವಂತಿಲ್ಲ. ಇದನ್ನು ಆಚಾರ್ರಿಗೆ ಹೇಳಿದಾಗ ಅವರು ಒರೆಯನ್ನು ತಿರುಗಿಸಿ ಮುರುಗಿಸಿ ನೋಡಿ, ತುದಿಯ ಕಿಂಡಿಗೆ ಕಣ್ಣಿಟ್ಟು ನೋಡಿ, "ಹಾಗಾದ್ರೆ ಆಗ್ತದೆ. ಆದ್ರೆ ನಿಮ್ಮಷ್ಟು ಪುರುಸೊತ್ತು ಇದ್ದೋರಿಗೆ" ಅಂದರು.

ಪುರುಸೊತ್ತಿಲ್ಲದವರಿಗೆ ಇನ್ನೊಂದು ದಾರಿ ಇದೆ. ಫಿನ್ಲೆಂಡಿನವರ ಪುಕ್ಕೋ ಚೂರಿಯ ಚರ್ಮದ ಒರೆಯೊಳಗೆ ಅಲಗು ಕೂರುವ ಭಾಗಕ್ಕೆ ಮರದ ತೆಳು ಗೂಡು ಇರುತ್ತದೆ. ಉಕ್ಕು ಚರ್ಮಕ್ಕೆ ತಾಗುವುದೇ ಇಲ್ಲ, ಹೊಲಿಗೆಯೂ ಅಲಗಿಗೆ ಸಿಗುವುದಿಲ್ಲ. ಜಪಾನಿನವರು ಕತ್ತಿಗೆ ಚರ್ಮದ ಗೋಜಿಗೇ ಹೋಗದೆ ಪೂರ್ತಿ ಮೆದು ಮರದ ಒರೆ ಮಾಡಿದರು. ಅಂಥ ಮರಕ್ಕೆ ನಾವು ಎಲ್ಲಿಗೂ ಹೋಗಬೇಕಾಗಿಲ್ಲ. ಸಾಗರ, ಸೊರಬದ ಗುಡಿಗಾರರು ಗಂಧದ ಜತೆಗೆ ಕೆತ್ತುವ ಶಿವನೆ ಹಗುರ, ಮೆದು, ಮಳೆಗಾಲ ಬೇಸಿಗೆಗೆ ಹೆಚ್ಚು ಹಿಗ್ಗದು ಕುಗ್ಗದು. ಎರಡು ಮಿಲಿಮೀಟರಿನ ಎರಡು ಹಲಗೆ, ಅಲಗಿನ ಆಕಾರಕ್ಕೆ ಒಳಗಿನಿಂದ ತೋಡಿ ಜೋಡಿಸಿ, ಅದರ ಮೇಲೆ ಚರ್ಮ ಸುತ್ತಿ ಹೊಲಿದರೆ ಆಷಾಢದಲ್ಲೂ ಚೂರಿ ಒರೆಯಲ್ಲೇ ಇದ್ದೀತು ಎಂಬುದು ನನ್ನ ಲೆಕ್ಕ. ಕೆತ್ತನೆ ಮಾಡುವ ಪರಿಚಯದವರೊಬ್ಬರ ಹತ್ತಿರ ಹಾಳೆಯ ಅಚ್ಚು ಕೊಟ್ಟು ಬಂದಿದ್ದೇನೆ. ಅವರು ಅಚ್ಚನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಈಗ ಮಣ್ಣಿನ ಕೆಲಸ ಕೈತುಂಬ ಇದೆ, ಗಣಪತಿ ಹಬ್ಬ ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದಾರೆ.